ಬೇಕಲದ ತಾಮ್ರ, ಪೆಟ್ರಾದ ಅಕ್ಷರ

ಬೇಕಲ ಕೋಟೆಗೆ ಬಂದವರ ಕಣ್ಣು ಮೊದಲು ಹೋಗುವುದು ಕಡಲಿನ ಕಡೆಗೆ. ಕೊತ್ತಲ ಹತ್ತಿ ಒಂದಷ್ಟು ಫೋಟೊ ತೆಗೆದು, ಗಾಳಿಗೆ ಮೈಯೊಡ್ಡಿ ಇಳಿದುಬಿಡುತ್ತಾರೆ. ಕಾಲಡಿಯ ಕೆಂಪು ಮಣ್ಣಿನಲ್ಲಿ ಏನಿತ್ತು ಎಂದು ಕೇಳುವವರು ಕಡಿಮೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1997ರಿಂದ 2001ರವರೆಗೆ ಇಲ್ಲಿ ಅಗೆತ ನಡೆಸಿದಾಗ ಅರಮನೆಯ ಪಾಯ, ದರ್ಬಾರು ಕಟ್ಟಡ, ದೇಗುಲದ ಅವಶೇಷಗಳು ಹೊರಬಂದವು. ಅವುಗಳ ಜೊತೆಗೆ ಟಂಕಸಾಲೆ ಎಂದು ಗುರುತಿಸಲಾದ ಕಟ್ಟಡವೊಂದರ ನೆಲಗಟ್ಟೂ ಕಂಡಿತು. ನಾಣ್ಯದ ಅಚ್ಚುಗಳು ಸಿಕ್ಕವು. ಹೈದರಾಲಿ, ಟಿಪ್ಪು ಸುಲ್ತಾನ್ ಮತ್ತು ಮೈಸೂರು ಒಡೆಯರ ನಾಣ್ಯಗಳು ಸಿಕ್ಕವು.

ಕೆಳದಿಯ ಶಿವಪ್ಪನಾಯಕ 1650ರ ಸುಮಾರಿಗೆ ಕಟ್ಟಿಸಿದನೆನ್ನುವ ಕೋಟೆ ಇದು. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಹೈದರನ ಕೈಗೆ ಬಿದ್ದ ಮೇಲೆ ಕೋಟೆ ಮೈಸೂರಿಗೆ ಸೇರಿತು. ಟಿಪ್ಪುವಿಗೆ ದಂಡಿನ ಠಾಣೆಯಾಯಿತು. 1799ರ ನಂತರ ಕಂಪನಿ ಸರ್ಕಾರದ ಕೆನರಾ ಜಿಲ್ಲೆಗೆ ಸೇರಿ ತಾಲ್ಲೂಕು ಕೇಂದ್ರವಾಯಿತು. ಒಂದೂವರೆ ಶತಮಾನದಲ್ಲಿ ನಾಲ್ಕು ಆಡಳಿತಗಳು ಬಂದುಹೋದ ಊರಿನಲ್ಲಿ ಆಯಾ ಆಡಳಿತ ಸಾಮಾನ್ಯ ಜನರ ಅಂಗೈಗೆ ಏನು ಬರೆದು ಕೊಟ್ಟಿತು? ಇದಕ್ಕೆ ಉತ್ತರ ಶಿಲಾಶಾಸನದಲ್ಲಿಲ್ಲ, ಚಿನ್ನದ ವರಾಹದಲ್ಲೂ ಪೂರ್ತಿಯಾಗಿ ಇಲ್ಲ. ಅದಿರುವುದು ತಾಮ್ರದ ಕಾಸಿನಲ್ಲಿ.

ಚಿನ್ನದ ನಾಣ್ಯ ವರ್ತಕನ ಗಂಟಿಗೆ, ದೇವಸ್ಥಾನದ ಭಂಡಾರಕ್ಕೆ, ಹೆಣ್ಣುಮಕ್ಕಳ ಕಾಸಿನ ಸರಕ್ಕೆ ಹೋಗುತ್ತದೆ. ಕೊನೆಗೊಂದು ದಿನ ಅಕ್ಕಸಾಲಿಗನ ಮೂಸೆಯಲ್ಲಿ ಕರಗುತ್ತದೆ. ಉಪ್ಪು, ಒಣಮೀನು, ವೀಳ್ಯದೆಲೆ ಕೊಳ್ಳುವವರ ಸೊಂಟದ ಗಂಟಿನಲ್ಲಿ ಇದ್ದದ್ದು ತಾಮ್ರ. ದೊರೆಯ ಮುಖವನ್ನಾಗಲಿ ಅರಮನೆಯನ್ನಾಗಲಿ ಎಂದೂ ನೋಡದವರ ಕೈಗೆ ದೊರೆತನ ತಲುಪುತ್ತಿದ್ದದ್ದು ಇದರ ಮೂಲಕವೇ. ತಾಮ್ರದ ಮೇಲೆ ಏನನ್ನು, ಯಾವ ಲಿಪಿಯಲ್ಲಿ ಬರೆಸಿದ ಎಂಬುದನ್ನು ನೋಡಿದರೆ ಆ ದೊರೆ ಯಾರನ್ನು ತನ್ನ ಓದುಗರೆಂದು ಎಣಿಸಿದ್ದ ಎಂಬುದು ಗೊತ್ತಾಗುತ್ತದೆ. ಬೇಕಲದ ನಾಣ್ಯಗಳನ್ನು ಹೀಗೆ ಓದಲು ಹೊರಟರೆ ದಾರಿ ಬಹಳ ದೂರ, ಅರಬಸ್ಥಾನದ ಮರುಭೂಮಿಯ ಅಂಚಿಗೆ ಹೋಗುತ್ತದೆ.

ಪೆಟ್ರಾದ ದೊರೆ, ಮಂತ್ರಿಯ ಅಕ್ಷರ

ಇಂದಿನ ಜೋರ್ಡಾನ್ ದೇಶದಲ್ಲಿರುವ ಪೆಟ್ರಾ ನಬಾತೀಯರ ರಾಜಧಾನಿ. ದಕ್ಷಿಣ ಅರಬಸ್ಥಾನದ ಧೂಪ, ಲೋಬಾನಗಳನ್ನು ಒಂಟೆಗಳ ಮೇಲೆ ಹೇರಿ ಮೆಡಿಟರೇನಿಯನ್ ತೀರಕ್ಕೆ ಮುಟ್ಟಿಸಿ ಸಿರಿವಂತರಾದ ಅರಬರು ಇವರು. ಬರವಣಿಗೆಗೆ ಬಳಸಿದ್ದು ಅರಮೇಯಿಕ್ ಲಿಪಿಯ ತಮ್ಮದೇ ಒಂದು ರೂಪ. ಕ್ರಿಸ್ತಪೂರ್ವ 84ರ ಸುಮಾರಿಗೆ ಇವರ ಮೂರನೆಯ ಅರೇತ ದಮಾಸ್ಕಸ್ ನಗರವನ್ನು ವಶಪಡಿಸಿಕೊಂಡ. ಅಲ್ಲಿ ಅಚ್ಚುಹಾಕಿಸಿದ ನಾಣ್ಯಗಳಲ್ಲಿ ತನ್ನನ್ನು ಗ್ರೀಕರ ಗೆಳೆಯ ಎಂದು ಗ್ರೀಕ್ ಭಾಷೆಯಲ್ಲೇ ಕರೆದುಕೊಂಡ. ದಮಾಸ್ಕಸ್ಸಿನ ಸಂತೆಯಲ್ಲಿ ಓದುವವರು ಗ್ರೀಕರಾಗಿದ್ದರು. ಅವನು ಮಾತಾಡಿದ್ದು ಅವರೊಂದಿಗೆ.

ನಾಲ್ಕನೆಯ ಅರೇತನ ಹೊತ್ತಿಗೆ ಗಾಳಿ ಬದಲಾಗಿತ್ತು. ಕ್ರಿಸ್ತಪೂರ್ವ 9ರಿಂದ ಕ್ರಿಸ್ತಶಕ 40ರವರೆಗೆ ಆಳಿದ ಈ ದೊರೆಯ ಹೆಸರು ಬೈಬಲಿನಲ್ಲಿ ಸಂತ ಪೌಲನ ಪತ್ರದಲ್ಲೂ ಬರುತ್ತದೆ. ರೋಮಿನ ನೆರಳಿನಲ್ಲಿದ್ದ ಅಕ್ಕಪಕ್ಕದ ಅರಸರು ಸೀಸರನ ಗೆಳೆಯ, ರೋಮನರ ಗೆಳೆಯ ಎಂದೆಲ್ಲ ಬಿರುದು ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಅರೇತ ತನ್ನ ಬೆಳ್ಳಿಯ ಮೇಲೆ, ತನ್ನ ಜನರ ಲಿಪಿಯಲ್ಲಿ, 'ನಬಾತೀಯರ ದೊರೆ ಹಾರಿತತ್, ತನ್ನ ಜನರನ್ನು ಪ್ರೀತಿಸುವವನು' ಎಂದು ಬರೆಸಿದ. ಅರೇತ ಎಂಬುದು ಗ್ರೀಕರ ಬಾಯಲ್ಲಿ ತಿರುಗಿದ ರೂಪ. ಅರಬ್ ಹೆಸರು ಹಾರಿತತ್.

ಬೆಳ್ಳಿಯಲ್ಲಿ ಇಷ್ಟುದ್ದದ ಬಿರುದು, ಆಳ್ವಿಕೆಯ ವರ್ಷ ಎಲ್ಲಕ್ಕೂ ಜಾಗವಿತ್ತು. ಕಂಚಿನಲ್ಲಿ ಮಾತು ಕಿರಿದಾಯಿತು. ಹೇರಳವಾಗಿ ಸಿಗುವ ಅವನ ಕಂಚಿನ ನಾಣ್ಯದ ಒಂದು ಬದಿಯಲ್ಲಿ ರಾಜ ರಾಣಿಯರ ಮುಖಗಳು ಒಂದರ ಹಿಂದೊಂದು ಸರಿದು ನಿಂತಿವೆ. ಇನ್ನೊಂದು ಬದಿಯಲ್ಲಿ ಹಣ್ಣು ಹಂಪಲು ತುಂಬಿದ ಎರಡು ಕೊಂಬುಗಳು ಅಡ್ಡಡ್ಡ ಹೆಣೆದುಕೊಂಡಿವೆ. ನಡುವೆ ಎರಡೇ ಹೆಸರು, ಹಾರಿತತ್ ಮತ್ತು ಶಕೀಲತ್. ರಾಣಿಯ ಹೆಸರನ್ನು ಬಿಡಿಕಾಸಿನ ಮೇಲೂ ಬಿಡದೆ ಬರೆಸಿದ ರಾಜವಂಶ ಆ ಕಾಲದಲ್ಲಿ ಅಪರೂಪ.

ಇನ್ನೂ ಚಿಕ್ಕ ಕಂಚಿನಲ್ಲಿ ಹೆಸರಿಗೂ ಎಡೆಯಿಲ್ಲ. ಅಲ್ಲಿ ಉಳಿದದ್ದು ಒಂದೇ ಅಕ್ಷರ: ಹಾರಿತತ್ ಹೆಸರಿನ ಮೊದಲಕ್ಷರ 'ಹೇತ್'. ಕೆಲವು ನಾಣ್ಯಗಳಲ್ಲಿ ಆ ಹೇತ್ ಪಕ್ಕದಲ್ಲೇ ಇನ್ನೊಂದು ಅಕ್ಷರ 'ಶೀನ್' ಕುಳಿತಿದೆ. ಅದು ಸಿಲ್ಲಾಯ ಎಂಬ ಮಂತ್ರಿಯ ಗುರುತು ಎಂದು ನಾಣ್ಯತಜ್ಞರು ಓದಿದ್ದಾರೆ. ಹಿಂದಿನ ದೊರೆ ಓಬೋದನ ಕಾಲದಲ್ಲಿ ರಾಜ್ಯದ ಸೂತ್ರವೆಲ್ಲ ಈ ಮಂತ್ರಿಯ ಕೈಯಲ್ಲಿತ್ತು. ಓಬೋದ ಸತ್ತಾಗ ತಾನೇ ದೊರೆಯಾಗಬೇಕೆಂದು ರೋಮಿನಲ್ಲಿ ಓಡಾಡಿದ. ಕೊನೆಗೆ ಅಲ್ಲೇ ಅವನ ತಲೆ ಕಡಿದರು. ಗದ್ದುಗೆ ಸಿಗದವನ ಆಸೆ ಎರಡು ಸಾವಿರ ವರ್ಷ ಕಂಚಿನ ಮೇಲೆ ಉಳಿದುಕೊಂಡಿದೆ.

ಕ್ರಿಸ್ತಶಕ 106ರಲ್ಲಿ ರೋಮಿನ ಸಾಮ್ರಾಟ ಟ್ರಾಜನ್ ನಬಾತೀಯ ರಾಜ್ಯವನ್ನು ನುಂಗಿದ. ಅವರ ಬೆಳ್ಳಿ ನಾಣ್ಯಗಳನ್ನೇ ಮತ್ತೆ ಅಡಿಗಲ್ಲಿನ ಮೇಲಿಟ್ಟು ಅವುಗಳ ಮೇಲೆ ಟ್ರಾಜನನ ಮುಖ, ಗ್ರೀಕ್ ಬರಹ ಒತ್ತಿದರು. ರಾಜ್ಯ ಹೋದಾಗ ಮೊದಲು ಅಳಿಯುವುದು ಕಾಸಿನ ಮೇಲಿನ ಹೆಸರು. ಲಿಪಿ ಮಾತ್ರ ಅಳಿಯಲಿಲ್ಲ. ಸಿರಿಯಾದ ನಮಾರಾ ಎಂಬಲ್ಲಿ ಸಿಕ್ಕ ಕ್ರಿಸ್ತಶಕ 328ರ ಸಮಾಧಿ ಶಾಸನದಲ್ಲಿ ಭಾಷೆ ಅರಬಿ, ಅಕ್ಷರ ನಬಾತೀಯ. ಅಲ್ಲಿಂದ ಮುಂದಿನ ಮೂರು ನೂರು ವರ್ಷಗಳಲ್ಲಿ ಆ ಅಕ್ಷರಗಳೇ ಬಳುಕಿ, ಒಂದಕ್ಕೊಂದು ಕೈಹಿಡಿದು ಅರಬಿ ಲಿಪಿಯಾದವು ಎಂಬುದು ಇಂದು ಬಹುಪಾಲು ವಿದ್ವಾಂಸರ ನಿಲುವು.

ಒಂದೇ ಪುಸ್ತಕದ ಎರಡು ಪುಟ

ನಬಾತೀಯರಿಗೂ ನಮ್ಮ ಕರಾವಳಿಗೂ ಏನು ಸಂಬಂಧ? ಕ್ರಿಸ್ತಶಕ ಒಂದನೆಯ ಶತಮಾನದ ಗ್ರೀಕ್ ನಾವಿಕನೊಬ್ಬ ಬರೆದ 'ಎರಿತ್ರಿಯನ್ ಸಮುದ್ರದ ಪೆರಿಪ್ಲಸ್' ಎಂಬ ವ್ಯಾಪಾರದ ಕೈಪಿಡಿ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟುತ್ತದೆ. ಕೆಂಪು ಸಮುದ್ರದ ಬಂದರೊಂದರಿಂದ ಪೆಟ್ರಾಕ್ಕೆ, ನಬಾತೀಯರ ದೊರೆ ಮಾಲಿಕನ ಬಳಿಗೆ, ದಾರಿಯಿದೆ ಎನ್ನುತ್ತದೆ; ಈ ಮಾಲಿಕ ಅರೇತನ ಮಗ. ಮುಂದಿನ ಪುಟಗಳಲ್ಲಿ ಹಡಗು ಅರಬಿ ಸಮುದ್ರ ದಾಟಿ ಮಲಬಾರಿಗೆ ಬರುತ್ತದೆ. ಅಲ್ಲಿ ಮೊದಲು ಹೆಸರಿಸುವ ಬಂದರು ನೌರಾ. ಅದು ಕಣ್ಣೂರು ಎನ್ನುವವರಿದ್ದಾರೆ, ಮಂಗಳೂರು ಎನ್ನುವವರಿದ್ದಾರೆ. ಇವೆರಡರ ನಡುವೆ ಇರುವುದು ಬೇಕಲದ ಜಿಲ್ಲೆ ಕಾಸರಗೋಡು. ಕಾಳುಮೆಣಸು ಕೊಳ್ಳಲು ಬರುವವರು ಈ ಕರಾವಳಿಗೆ ಏನೇನು ತರಬೇಕೆಂಬ ಪಟ್ಟಿಯೂ ಅಲ್ಲಿದೆ: ರಾಶಿ ನಾಣ್ಯ, ಹವಳ, ಗಾಜು, ತಾಮ್ರ, ತವರ, ಸೀಸ. 1847ರಲ್ಲಿ ಕಣ್ಣೂರಿನ ಸಮೀಪ ರೋಮನ್ ಚಿನ್ನದ ನಾಣ್ಯಗಳ ದೊಡ್ಡ ನಿಧಿ ಸಿಕ್ಕಾಗ ಆ ಪಟ್ಟಿಯ ಮೊದಲ ಸಾಲಿಗೆ ಸಾಕ್ಷಿ ದೊರೆಯಿತು.

ಅದೇ ಕಾಲದಲ್ಲಿ ಇಲ್ಲಿಯೂ ಅರಸರು ಅಗ್ಗದ ಲೋಹದ ಮೇಲೆ ಹೆಸರು ಬರೆಸುತ್ತಿದ್ದರು. ಕಾರವಾರದಲ್ಲಿ ಸಿಕ್ಕ ಸೀಸದ ನಾಣ್ಯಗಳಲ್ಲಿ ಚುಟುಕುಲಾನಂದ, ಮೂಲಾನಂದ ಎಂಬ ಅರಸರ ಹೆಸರುಗಳು ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ ಅಂಚಿನ ಸುತ್ತ ಓಡುತ್ತವೆ. ನಡುವೆ ಕಮಾನು ಬೆಟ್ಟ, ಬೇಲಿ ಕಟ್ಟಿದ ಮರ. ಮುಂದೆ ತುಳುನಾಡನ್ನಾಳಿದ ಆಳುಪರು ಜೋಡಿ ಮೀನಿನ ಚಿನ್ನದ ನಾಣ್ಯಗಳಲ್ಲಿ 'ಶ್ರೀ ಪಾಂಡ್ಯ ಧನಂಜಯ' ಎಂದು ಕನ್ನಡದಲ್ಲೂ ನಾಗರಿಯಲ್ಲೂ ಬರೆಸಿದರು.

ಮೆಡಿಟರೇನಿಯನ್ನನ್ನೂ ಈ ತೀರವನ್ನೂ ಒಟ್ಟಿಗಿಟ್ಟು ಓದುವ ಅಭ್ಯಾಸ ಕಾಸರಗೋಡಿಗೆ ಹೊಸದೇನಲ್ಲ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವಿರಬಹುದು ಎಂದು ಜರ್ಮನ್ ವಿದ್ವಾಂಸ ಹುಲ್ಚ್ 1904ರಲ್ಲಿ ಸೂಚಿಸಿದಾಗ ಅದರ ಬೆನ್ನು ಹತ್ತಿದವರಲ್ಲಿ ಮಂಜೇಶ್ವರದ ಗೋವಿಂದ ಪೈಗಳೂ ಒಬ್ಬರು.

ಹೈದರನ ಒಂದಕ್ಷರ

ಬಿದನೂರನ್ನು ಗೆದ್ದ ಹೈದರಾಲಿ ಅದಕ್ಕೆ ಹೈದರ್‌ನಗರ ಎಂದು ಹೆಸರಿಟ್ಟ. ಅಲ್ಲಿಯ ಟಂಕಸಾಲೆ ಅವನ ಕೈಗೆ ಬಂತು. ಕೆಳದಿ ನಾಯಕರ ಇಕ್ಕೇರಿ ವರಾಹದ ಮೇಲೆ ಉಮಾಮಹೇಶ್ವರರು ಕುಳಿತಿದ್ದರು. ಹಿಂಬದಿಯಲ್ಲಿ ನಾಗರಿಯಲ್ಲಿ 'ಶ್ರೀ ಸದಾಶಿವ' ಎಂದಿತ್ತು. ಹೈದರ್ ತನ್ನ ಬಹಾದುರಿ ವರಾಹದಲ್ಲಿ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡ. ಕರಾವಳಿಯಿಂದ ಘಟ್ಟದ ಮೇಲಿನವರೆಗೆ ವರ್ತಕರು ನಂಬಿದ್ದ ಮುದ್ರೆ ಅದು. ತೆಗೆದರೆ ಸಂತೆಯಲ್ಲಿ ವಟ್ಟ ಕಡಿಯುತ್ತಿದ್ದರು. ಹಿಂಬದಿಯ ಬರಹವನ್ನು ಮಾತ್ರ ತೆಗೆದು ಅಲ್ಲಿ ಒಂದೇ ಒಂದು ಅಕ್ಷರ ಹಾಕಿಸಿದ. ಹೈದರ್ ಹೆಸರಿನ ಮೊದಲಕ್ಷರ, ಅರಬಿಯ 'ಹಾ'.

ಆಗ ಶ್ರೀರಂಗಪಟ್ಟಣದ ಗದ್ದುಗೆಯ ಮೇಲೆ ಒಡೆಯರು ಇದ್ದೇ ಇದ್ದರು. ಅಧಿಕಾರವೆಲ್ಲ ಹೈದರನದು, ದೊರೆತನ ಹೆಸರಿಗೆ ಅವರದು. ತಾನೇ ದೊರೆ ಎಂದು ಬರೆಸಿದರೆ ಅತಿಯಾಗುತ್ತಿತ್ತು, ಏನೂ ಬರೆಸದಿದ್ದರೆ ಕಡಿಮೆಯಾಗುತ್ತಿತ್ತು. ಈ ಇಕ್ಕಟ್ಟಿಗೆ ಒಂದಕ್ಷರ ಸರಿಯಾಗಿ ಹೊಂದಿತು. ಪೆಟ್ರಾದ ಸಿಲ್ಲಾಯ ಮಾಡಲು ಹೋಗಿ ತಲೆ ಕಳೆದುಕೊಂಡ ಕೆಲಸವನ್ನು ಹೈದರ್ ನಿರಾಯಾಸವಾಗಿ ಮಾಡಿ ಮುಗಿಸಿದ.

ಇನ್ನೂ ಕುತೂಹಲದ ಸಂಗತಿ ಆ ಅಕ್ಷರದ್ದೇ. ಹೈದರನ 'ಹಾ' ಮತ್ತು ಅರೇತನ 'ಹೇತ್' ಬೇರೆ ಬೇರೆ ಅಕ್ಷರಗಳಲ್ಲ. ಎರಡು ಕಾಲಿನ ಮೇಲೆ ಅಡ್ಡಪಟ್ಟಿ ಇಟ್ಟಂತಿದ್ದ ನಬಾತೀಯ ಹೇತ್ ಕೈಬರಹದ ಓಟದಲ್ಲಿ ಒಂದು ಕಾಲು ಕಳೆದುಕೊಂಡು, ಬಾಗಿ, ಬಾಯಿ ತೆರೆದ ಕೊಕ್ಕೆಯಂತಾಗಿ ಅರಬಿಯ ಹಾ ಆಯಿತು. ಹಾರಿತತ್ ಎಂಬ ದೊರೆಗೂ ಹೈದರ್ ಎಂಬ ದಳವಾಯಿಗೂ ನಡುವೆ ಸುಮಾರು 1770 ವರ್ಷ. ಇಬ್ಬರೂ ತಮ್ಮನ್ನು ಒಂದೇ ಅಕ್ಷರದಿಂದ ನಾಣ್ಯದ ಮೇಲೆ ಗುರುತಿಸಿಕೊಂಡರು. ಒಬ್ಬನನ್ನು ನೋಡಿ ಇನ್ನೊಬ್ಬ ಕಲಿತದ್ದಲ್ಲ. ಜಾಗ ಸಾಲದ ಕಡೆ ಮೊದಲಕ್ಷರ ಬರೆಯುವುದು ಎಲ್ಲ ಕಾಲದ ಟಂಕಸಾಲೆಗಳಿಗೂ ಹೊಳೆಯುವ ಉಪಾಯ. ಅಕ್ಷರ ಮಾತ್ರ ನಿಜವಾಗಿಯೂ ಪ್ರಯಾಣ ಮಾಡಿದೆ. ಕಾಸರಗೋಡಿನ ತಳಂಗರೆಯ ಮದ್ರಸದಲ್ಲಿ ಮಕ್ಕಳು ಇಂದಿಗೂ ಬೆಳಿಗ್ಗೆ ಎದ್ದು ಉಚ್ಚರಿಸಿ ಕಲಿಯುವುದು ಅದನ್ನೇ.

ಹೆಸರು ಬಿಟ್ಟ ಸುಲ್ತಾನ್

ಟಿಪ್ಪುವಿನ ಒಂದು ಪೈಸೆಯನ್ನು ಅಂಗೈಯಲ್ಲಿಟ್ಟು ನೋಡೋಣ. ದಪ್ಪನೆಯ ತಾಮ್ರದ ಬಿಲ್ಲೆ. ತೂಕ ಸುಮಾರು 11 ಗ್ರಾಂ. ಒಂದು ಬದಿಯಲ್ಲಿ ಆನೆ. ಕಾಲಿನ ಮಡಿಕೆ, ಬಾಲದ ತುದಿಯವರೆಗೂ ಕೆತ್ತಿದವನ ಕೈಚಳಕ ಕಾಣುತ್ತದೆ. ಮೇಲೆ ಕೆಲವು ಅಂಕಿಗಳು. ಇನ್ನೊಂದು ಬದಿಯಲ್ಲಿ, ಚುಕ್ಕಿಗಳ ಬಳೆಯೊಳಗೆ, ಪಾರಸಿಯಲ್ಲಿ 'ಜರ್ಬ್' ಅಂದರೆ ಅಚ್ಚುಹಾಕಿದ್ದು, ಮತ್ತು ಊರಿನ ಹೆಸರು: ಪಟ್ಟಣ (ಶ್ರೀರಂಗಪಟ್ಟಣ), ನಗರ (ಬಿದನೂರು), ಬೆಂಗಳೂರು, ಕಲ್ಲಿಕೋಟೆ, ಫರೂಕಿ. ಎಷ್ಟು ಹುಡುಕಿದರೂ ಟಿಪ್ಪು ಎಂಬ ಹೆಸರು ಸಿಗುವುದಿಲ್ಲ. ದೆಹಲಿಯ ಬಾದಶಹನ ಹೆಸರೂ ಇಲ್ಲ. ಆ ಕಾಲದ ಹಿಂದುಸ್ತಾನದಲ್ಲಿ ಇದು ದೊಡ್ಡ ಮಾತು. ಕಂಪನಿಯವರು ಕೂಡ ತಮ್ಮ ರೂಪಾಯಿಯಲ್ಲಿ ಬಾದಶಹನ ಹೆಸರನ್ನೇ ಹಾಕುತ್ತಿದ್ದರು. ಟಿಪ್ಪು ಅವನನ್ನೂ ಬಿಟ್ಟ, ತನ್ನನ್ನೂ ಬಿಟ್ಟ. ಬೆಳ್ಳಿಯ ಮೇಲೆ ಧಾರ್ಮಿಕ ವಾಕ್ಯ ಬಂತು, ತಂದೆಯ ಹೆಸರಾಗಿಯೂ ಹಜರತ್ ಅಲಿಯ ಬಿರುದಾಗಿಯೂ ಓದಬಹುದಾದ 'ಹೈದರ್' ಬಂತು. ತಾಮ್ರದಲ್ಲಿ ಉಳಿದದ್ದು ಆನೆ, ವರ್ಷ, ಊರು ಇಷ್ಟೇ.

ಆ ವರ್ಷವನ್ನು ಓದುವುದೂ ಒಂದು ಸರ್ಕಸ್ಸು. 1787ರ ಸುಮಾರಿಗೆ ಟಿಪ್ಪು ಹಿಜ್ರಿ ಬಿಟ್ಟು ಮೌಲೂದಿ ಎಂಬ ಹೊಸ ಶಕೆ ತಂದ. ಅಂಕಿಗಳನ್ನು ಪಾರಸಿ ಅಕ್ಷರಗಳಂತೆ ಬಲದಿಂದ ಎಡಕ್ಕೆ ಬರೆಸಿದ. ಹಾಗಾಗಿ 1215 ಎಂಬುದು ಎಡದಿಂದ ಓದುವವರಿಗೆ 5121 ಆಗಿ ಕಾಣುತ್ತದೆ. ಕೊನೆಯ ವರ್ಷಗಳಲ್ಲಿ ಆನೆಯ ಮೇಲೆ ಅಲಿಫ್, ಬೇ, ತೇ ಎಂದು ಅಕ್ಷರಮಾಲೆಯನ್ನೇ ವರ್ಷಕ್ಕೊಂದರಂತೆ ಹಾಕಿಸಿದ. ನಾಣ್ಯಗಳಿಗೂ ಗ್ರಹ ನಕ್ಷತ್ರಗಳ ಹೆಸರಿಟ್ಟ. ಎರಡು ಪೈಸೆ ಮುಷ್ತರಿ ಅಂದರೆ ಗುರು, ಪೈಸೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆ ಅಖ್ತರ್ ಅಂದರೆ ನಕ್ಷತ್ರ, ಅದರರ್ಧ ಕುತುಬ್ ಅಂದರೆ ಧ್ರುವ.

ಬೇಕಲದ ಸಂತೆಯಲ್ಲಿ ಒಣಮೀನು ಮಾರುತ್ತಿದ್ದವರಿಗೆ ಈ ಗ್ರಹಮಂಡಲ ಎಷ್ಟು ತಲುಪಿರಬಹುದು? ಪಾರಸಿ ಬಲ್ಲವರು ಕಚೇರಿಯ ಮುನ್ಷಿಗಳು ಮಾತ್ರ. ಉಳಿದವರಿಗೆ ಆನೆ ಸಾಕಿತ್ತು. ಒಡೆಯರ ಕಾಲದಿಂದಲೇ ಮೈಸೂರು ತಾಮ್ರದ ಮೇಲೆ ನಡೆದುಬಂದ ಆನೆಯನ್ನು ಹೈದರನೂ ಟಿಪ್ಪುವೂ ಕೈಬಿಡಲಿಲ್ಲ. ಬರಹ ಕಚೇರಿಗೆ, ಚಿತ್ರ ಸಂತೆಗೆ ಎಂಬ ಹಂಚಿಕೆ ಇಲ್ಲಿ ಸ್ಪಷ್ಟ. ಅರೇತನ ಕಂಚಿನಲ್ಲೂ ಹಾಗೆಯೇ. ಓದಲು ಬಾರದ ಒಂಟೆಯಾಳು ಹೆಸರನ್ನು ಬಿಟ್ಟು ಜೋಡಿ ಕೊಂಬುಗಳನ್ನು ಗುರುತಿಸಿರಬೇಕು.

ಮೂರು ಲಿಪಿಯ ಕಾಸು

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಕೆನರಾ ಕಂಪನಿಗೆ ಹೋಯಿತು, ಮೈಸೂರು ಗದ್ದುಗೆಗೆ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಬಂದರು. ಟಿಪ್ಪುವಿನ ಆನೆ ಅವರ ತಾಮ್ರದ ಮೇಲೂ ಮುಂದುವರಿಯಿತು. ಮೇಲೆ ಸೂರ್ಯ ಚಂದ್ರರು, ನಡುವೆ ಕನ್ನಡದ 'ಶ್ರೀ' ಸೇರಿಕೊಂಡವು. ಹಿಂಬದಿಯಲ್ಲಿ ಕನ್ನಡದಲ್ಲಿ 'ಮಯಿಲಿ ಕಾಸು' ಎಂದು ಬೆಲೆ, ಇಂಗ್ಲಿಷಿನಲ್ಲಿ ರೋಮನ್ ಅಂಕಿಯೊಡನೆ 'ಕ್ಯಾಶ್'. ಮುಂದೆ ಆನೆಯ ಜಾಗಕ್ಕೆ ಸಿಂಹ ಬಂತು. 'ಶ್ರೀ ಚಾಮುಂಡಿ', 'ಕೃಷ್ಣ' ಎಂಬ ಕನ್ನಡ ಬರಹ ಬಂತು, ಜೊತೆಗೆ ಪಾರಸಿಯಲ್ಲಿ ಟಂಕಸಾಲೆಯ ಹೆಸರು. ರೂಪಾಯಿ ಅಗಲದ ತಾಮ್ರದಲ್ಲಿ ಪ್ರಜೆಗೊಂದು ಲಿಪಿ, ಹಳೆಯ ಕಚೇರಿಗೊಂದು, ಹೊಸ ಒಡೆತನಕ್ಕೊಂದು. ಕಂಪನಿಯ ಆಶ್ರಯದಲ್ಲಿದ್ದ ಸಂಸ್ಥಾನವೊಂದರ ಸ್ಥಿತಿಯನ್ನು ಇದಕ್ಕಿಂತ ಚೆನ್ನಾಗಿ ಯಾವ ಒಪ್ಪಂದಪತ್ರವೂ ಹೇಳದು.

ಇತ್ತ ಮದ್ರಾಸ್ ಪ್ರಾಂತಕ್ಕಾಗಿ ಕಂಪನಿ ಅಚ್ಚುಹಾಕಿಸಿದ್ದು ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ, ಹಬೆಯ ಯಂತ್ರದಲ್ಲಿ. 1803ರ, 1808ರ 20 ಕ್ಯಾಶ್ ನಾಣ್ಯ ಅಚ್ಚುಕಟ್ಟು, ಅಂಚು ದುಂಡಗೆ. ಒಂದು ಬದಿ ಇಂಗ್ಲಿಷ್, ಇನ್ನೊಂದು ಬದಿ ಪಾರಸಿ. ಕನ್ನಡ, ತುಳು, ಮಲಯಾಳದ ಈ ಸೀಮೆಯವರಿಗೆ ಅದರಲ್ಲಿ ಓದಲು ಏನೂ ಇರಲಿಲ್ಲ, ನೋಡಲು ಆನೆಯೂ ಇರಲಿಲ್ಲ. ಅತ್ತ ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಹೋಗಿ, 1843ರಲ್ಲಿ ಬಾಗಿಲು ಹಾಕಿತು. ಅಲ್ಲಿಗೆ ಮೈಸೂರು ಕಾಸಿನ ಕನ್ನಡವೂ ನಿಂತಿತು.

ಅರ್ಧ ಹೆಸರು ಓದುವ ಬಗೆ

ಕೈಯಲ್ಲಿ ಬಡಿದ ನಾಣ್ಯಗಳಲ್ಲಿ ಪೂರ್ತಿ ಬರಹ ಸಿಗುವುದು ಕಡಿಮೆ. ಕೆಳಗಿನ ಅಚ್ಚನ್ನು ಅಡಿಗಲ್ಲಿಗೆ ಬಿಗಿದು, ಕಾಯಿಸಿದ ತಾಮ್ರದ ಬಿಲ್ಲೆಯನ್ನು ಅದರ ಮೇಲಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಅಚ್ಚು ಅಗಲ, ಬಿಲ್ಲೆ ಚಿಕ್ಕದು. ಕೈ ತುಸು ಜಾರಿದರೆ ಅರ್ಧ ಹೆಸರು ಅಂಚಿನಾಚೆ. ಆದ್ದರಿಂದ ತಜ್ಞರು ಒಂದೇ ಅಚ್ಚಿನ ಹತ್ತಾರು ನಾಣ್ಯಗಳನ್ನು ಸಾಲಾಗಿಟ್ಟು, ಒಂದರಲ್ಲಿ ತಲೆ, ಇನ್ನೊಂದರಲ್ಲಿ ಬಾಲ ಹಿಡಿದು ವಾಕ್ಯ ಕೂಡಿಸುತ್ತಾರೆ. ನಬಾತೀಯ ನಾಣ್ಯಗಳಿಗೆ ಯಾಕೋವ್ ಮೇಶೋರರ್ 1975ರಲ್ಲಿ, ಹೈದರ್ ಟಿಪ್ಪು ನಾಣ್ಯಗಳಿಗೆ ಜೆ. ಆರ್. ಹೆಂಡರ್ಸನ್ 1921ರಲ್ಲಿ ಹೊರತಂದ ಪಟ್ಟಿಗಳು ಇಂಥ ತಾಳ್ಮೆಯ ಫಲ. ಕನ್ನಡ ನಾಡಿನ ನಾಣ್ಯಗಳಿಗೆ ಮೈಸೂರಿನ ಎ. ವಿ. ನರಸಿಂಹಮೂರ್ತಿಗಳ ಕೆಲಸ ಇಂದಿಗೂ ಕೈದೀಪ.

ಹೀಗಿರುವಾಗ ತೋಟ ಅಗೆಯುವಾಗಲೋ ಬಾವಿ ತೋಡುವಾಗಲೋ ಸಿಕ್ಕ ಒಂದು ಮಾಸಿದ ಕಾಸೂ ಬೆಲೆಯುಳ್ಳದ್ದೇ. ಸಿಕ್ಕಿದೊಡನೆ ಹುಣಸೆ ಹುಳಿ ಹಚ್ಚಿ ತಿಕ್ಕಿ ಫಳಫಳಿಸುವುದು ನಮ್ಮವರ ಪದ್ಧತಿ. ಹುಳಿ ಹಸಿರು ಕಿಲುಬಿನ ಜೊತೆಗೆ ಅಕ್ಷರದ ಅಂಚನ್ನೂ ತಿನ್ನುತ್ತದೆ. ಕಡಲ ಬದಿಯ ಉಪ್ಪು ಮಣ್ಣಿನಿಂದ ಬಂದ ತಾಮ್ರಕ್ಕೆ ಇನ್ನೊಂದು ಕಂಟಕವಿದೆ. ಒಳಗೆ ಸೇರಿಕೊಂಡ ಕ್ಲೋರೈಡ್ ಮಳೆಗಾಲದ ತೇವಕ್ಕೆ ಎಚ್ಚೆತ್ತು ತಿಳಿಹಸಿರು ಪುಡಿಯಾಗಿ ಉದುರುತ್ತಾ ಹೋಗುತ್ತದೆ. ಕೆಲವು ವರ್ಷಗಳಲ್ಲಿ ಆನೆಯೂ ಇಲ್ಲ, ಅಕ್ಷರವೂ ಇಲ್ಲ. ಒಣಗಿದ ಜಾಗದಲ್ಲಿ ಇಟ್ಟು, ಎಲ್ಲಿ, ಎಷ್ಟು ಆಳದಲ್ಲಿ, ಏನೇನರ ಜೊತೆ ಸಿಕ್ಕಿತು ಎಂದು ಬರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಿಧಿಯಾಗಿ ಸಿಕ್ಕಿದ್ದನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆನ್ನಲು ಕೇರಳದಲ್ಲಿ 1968ರ ಕಾಯ್ದೆಯೇ ಇದೆ. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಙಳಾಯಿಯಲ್ಲಿ ಉದ್ಯೋಗ ಖಾತರಿ ಯೋಜನೆಯ ಹೆಂಗಸರು ಮಳೆನೀರಿನ ಗುಂಡಿ ತೋಡುವಾಗ ಸಿಕ್ಕ ಪಾತ್ರೆಯನ್ನು ಮೊದಲು ಬಾಂಬೆಂದು ಹೆದರಿದರು. ಒಳಗಿದ್ದದ್ದು ಮುತ್ತು, ಚಿನ್ನದ ಪದಕ, ನಾಣ್ಯ. ಅವರು ಅದನ್ನು ಹಾಗೆಯೇ ಒಪ್ಪಿಸಿದ್ದರಿಂದ ವೆನಿಸ್ಸಿನ ಡುಕಾಟ್, ವೀರರಾಯನ ಪಣ ಒಂದೇ ಪಾತ್ರೆಯಲ್ಲಿದ್ದವೆಂಬ ಚರಿತ್ರೆ ಉಳಿಯಿತು. ಒಂದೊಂದಾಗಿ ಮಾರಿಹೋಗಿದ್ದರೆ ಉಳಿಯುತ್ತಿದ್ದದ್ದು ಬರೀ ಲೋಹದ ಬೆಲೆ.

ಇಂದು ಯಾರಿಗೆ ಬರೆಯುತ್ತಿದ್ದೇವೆ?

ಈಗಿನ ನಾಣ್ಯವನ್ನೂ ಇದೇ ಕಣ್ಣಿನಿಂದ ನೋಡಬಹುದು. ನಮ್ಮ ನೋಟಿನ ಹಿಂಬದಿಯಲ್ಲಿ 15 ಭಾಷೆಗಳ ಪಟ್ಟಿಯಿದೆ. ಕನ್ನಡ ಮೇಲಿನಿಂದ ನಾಲ್ಕನೆಯದು, ಕೊಂಕಣಿ ಆರನೆಯದು, ಮಲಯಾಳ ಏಳನೆಯದು. ಸಪ್ತಭಾಷೆಗಳ ಊರೆನಿಸಿದ ಕಾಸರಗೋಡಿನ ತುಳು, ಬ್ಯಾರಿಗಳಿಗೆ ಅಲ್ಲಿ ಜಾಗವಿಲ್ಲ. ನಾಣ್ಯಕ್ಕೆ ಬಂದರೆ ಪಟ್ಟಿಯೇ ಇಲ್ಲ. ನಾಗರಿ ಮತ್ತು ಇಂಗ್ಲಿಷ್ ಎರಡೇ. ಕಡಿಮೆ ಬೆಲೆಯ ಹಣ ಕಡಿಮೆ ಭಾಷೆಯಲ್ಲಿ ಮಾತಾಡುತ್ತದೆ. ಮುಮ್ಮಡಿಯವರ 20 ಕಾಸು ಈ ವಿಷಯದಲ್ಲಿ ನಮ್ಮ 20 ರೂಪಾಯಿ ನಾಣ್ಯಕ್ಕಿಂತ ಉದಾರವಾಗಿತ್ತು.

ಅಷ್ಟರಲ್ಲಿ ಬಿಡಿಕಾಸಿನ ಕಾಲವೇ ಸರಿಯುತ್ತಿದೆ. ಕಾಸರಗೋಡಿನ ಮೀನು ಮಾರುಕಟ್ಟೆಯಲ್ಲೂ ಈಗ ಕ್ಯೂಆರ್ ಫಲಕ ತೂಗುತ್ತದೆ. ಮೊಬೈಲಿನಲ್ಲಿ ಹಣ ಕಳಿಸುವಾಗ ಪರದೆಯ ಮೇಲೆ ಮೂಡುವುದು ದೊರೆಯ ಹೆಸರಲ್ಲ, ಮೀನು ಮಾರುವವರ ಸ್ವಂತ ಹೆಸರು. ಹಣದ ಮೇಲೆ ಯಾರ ಹೆಸರಿರಬೇಕು ಎಂಬ ಎರಡು ಸಾವಿರ ವರ್ಷಗಳ ಪದ್ಧತಿ ಇಲ್ಲಿ ತಲೆಕೆಳಗಾಗಿದೆ. ಲಿಪಿ ಮಾತ್ರ ಹೆಚ್ಚಾಗಿ ಇಂಗ್ಲಿಷೇ. ಆ ಹೆಸರಿನವರಿಗೇ ಅದನ್ನು ಓದಲು ಬರುತ್ತದೆಂಬ ಖಾತರಿಯಿಲ್ಲ. ಅದಕ್ಕೇ ಪಕ್ಕದಲ್ಲೊಂದು ಪುಟ್ಟ ಪೆಟ್ಟಿಗೆ ಇಟ್ಟಿದ್ದಾರೆ, ಬಂದ ಮೊತ್ತವನ್ನು ಗಟ್ಟಿಯಾಗಿ ಕೂಗಿ ಹೇಳಲು. ಟಿಪ್ಪುವಿನ ಪೈಸೆಯಲ್ಲಿ ಆನೆ ಮಾಡುತ್ತಿದ್ದ ಕೆಲಸವನ್ನು ಈಗ ಈ ಪೆಟ್ಟಿಗೆ ಮಾಡುತ್ತಿದೆ. ಅಕ್ಷರ ಅಧಿಕಾರದವರಿಗೆ, ಗುರುತು ಉಳಿದವರಿಗೆ ಎಂಬ ಟಂಕಸಾಲೆಯ ಹಳೆಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.